ಮೊದಲ ಬಿಲ್ಲು ಹಗುರವಾಗಿರಲಿ

ಜೂನ್ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಯೂನಿಫಾರ್ಮ್ ಒಂದು ಸೈಜ್ ದೊಡ್ಡದಿರಲಿ, ಶೂ ಸ್ವಲ್ಪ ಉದ್ದವೇ ಇರಲಿ, ಬೆಳೆಯುವ ಮಗು ಅಲ್ಲವೇ! ಬಟ್ಟೆಯ ಮಟ್ಟಿಗೆ ಇದು ಸರಿಯಾದ ಲೆಕ್ಕವೇ. ಆದರೆ ಮಗುವಿಗೆ ಮೊದಲ ಬಿಲ್ಲು ಕೊಡಿಸುವಾಗಲೂ ಇದೇ ಲೆಕ್ಕ ಹಾಕುವ ತಂದೆತಾಯಿಯರನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ‘ಸ್ವಲ್ಪ ಗಟ್ಟಿಯಾದದ್ದನ್ನೇ ಹೇಳಿ ಸರ್, ಎರಡು ಮೂರು ವರ್ಷ ಬರಲಿ’ ಎನ್ನುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ ಮಾತು: ಬಿಲ್ಲು ಮಗುವಿನ ಇವತ್ತಿನ ತೋಳಿಗೆ ಹೊಂದಬೇಕು, ನಾಳೆಯ ತೋಳಿಗಲ್ಲ.

ಶಕ್ತಿ ಮೀರಿದ ಬಿಲ್ಲನ್ನು ಎಳೆಯುವ ಮಗುವನ್ನು ಪಕ್ಕದಲ್ಲಿ ನಿಂತು ನೋಡಿ. ಬಿಲ್ಲು ಹಿಡಿದ ಕಡೆಯ ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ. ಸೊಂಟ ಹಿಂದಕ್ಕೆ ಬಾಗುತ್ತದೆ. ಹೆದೆ ಗದ್ದದ ತನಕ ಬರುವುದಿಲ್ಲವಾದ್ದರಿಂದ ಗದ್ದವೇ ಹೆದೆಯ ಕಡೆಗೆ ಹೋಗುತ್ತದೆ. ಗುರಿ ನೋಡುವುದಕ್ಕೆ ಮೊದಲೇ ಬೆರಳು ಸೋತು ಹೆದೆ ಜಾರುತ್ತದೆ. ಈ ನಾಲ್ಕೂ ತಪ್ಪುಗಳು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿ ಕೂರುತ್ತವೆ. ಬಿಡಿಸಲು ಬಹಳ ಕಾಲ ಬೇಕು. ಬೆಳೆಯುವ ವಯಸ್ಸಿನ ಭುಜಕ್ಕೆ ನೋವು ಬೇರೆ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಹಾಗಾದರೆ ಬಿಲ್ಲಿನ ಭಾರ ಎಂದರೇನು? ತಕ್ಕಡಿಯಲ್ಲಿಟ್ಟು ತೂಗುವ ಭಾರವಲ್ಲ, ಹೆದೆಯನ್ನು ಎಳೆದು ಹಿಡಿಯಲು ಬೇಕಾದ ಬಲ. ಮೈದಾನದಲ್ಲಿ ಇದಕ್ಕೆ ಪೌಂಡೇಜ್ ಎನ್ನುತ್ತಾರೆ, ಏಕೆಂದರೆ ಅಳೆಯುವುದು ಪೌಂಡಿನಲ್ಲಿ. ಬಿಲ್ಲಿನ ಮೇಲೆ 18 ಎಂದು ಬರೆದಿದ್ದರೆ, ಸಾಮಾನ್ಯ ಲೆಕ್ಕದಲ್ಲಿ 28 ಇಂಚು ಎಳೆದಾಗ ಅದರ ಬಲ 18 ಪೌಂಡ್ ಎಂದು ಅರ್ಥ. ಆದರೆ ಹತ್ತು ವರ್ಷದ ಮಗು 28 ಇಂಚು ಎಳೆಯುವುದೇ ಇಲ್ಲ. ಒಂದೊಂದು ಇಂಚು ಕಡಿಮೆಯಾದಂತೆ ಒಂದರಿಂದ ಎರಡು ಪೌಂಡ್ ಬಲ ಇಳಿಯುತ್ತದೆ. ಅದೇ ಬಿಲ್ಲನ್ನು 24 ಇಂಚು ಎಳೆಯುವ ಮಗುವಿನ ಬೆರಳಿಗೆ ಬರುವುದು 13 ಪೌಂಡಿನ ಆಸುಪಾಸು, ಅಂದರೆ ಸುಮಾರು ಆರು ಕಿಲೋ. ಕಡಿಮೆ ಅನ್ನಿಸಿತೇ? ಮೂರು ಬೆರಳಿನ ತುದಿಯಲ್ಲಿ ಆರು ಕಿಲೋ ಅಕ್ಕಿಯ ಚೀಲವನ್ನು ಒಂದೇ ಸಂಜೆ ಅರವತ್ತು ಸಲ ಎಳೆದು ಹಿಡಿಯುವುದನ್ನು ಊಹಿಸಿಕೊಳ್ಳಿ.

ಎಂಟರಿಂದ ಹತ್ತು ವರ್ಷದವರಿಗೆ 10ರಿಂದ 14, ಹನ್ನೆರಡರ ಆಸುಪಾಸಿನವರಿಗೆ 14ರಿಂದ 18, ಹದಿನಾಲ್ಕು ದಾಟಿದವರಿಗೆ 18ರಿಂದ 22 ಎಂದು ಬರೆದಿರುವ ಬಿಲ್ಲನ್ನು ನಾನು ಕೈಗೆ ಕೊಡುತ್ತೇನೆ. ವಯಸ್ಸಿಗಿಂತ ಮಗುವಿನ ಮೈಕಟ್ಟು ದೊಡ್ಡ ಮಾತು, ಆದ್ದರಿಂದ ಸಂಖ್ಯೆಯ ಮೇಲೆ ಒಂದು ಪರೀಕ್ಷೆಯೂ ಇರಲಿ. ಹೆದೆಯನ್ನು ಗದ್ದದವರೆಗೆ ಎಳೆದು, ಮನಸ್ಸಿನಲ್ಲಿ ನಿಧಾನವಾಗಿ ಹತ್ತು ಎಣಿಸುವ ತನಕ ಮಗು ನಡುಗದೆ ಹಿಡಿದಿರಲಿ. ಎಳೆದಷ್ಟೇ ನಿಧಾನವಾಗಿ ಹೆದೆಯನ್ನು ಹಿಂದಕ್ಕೆ ತರಲಿ. ಆರನ್ನು ಎಣಿಸುವಷ್ಟರಲ್ಲಿ ನಡುಕ ಬಂದರೆ ಆ ಬಿಲ್ಲು ಬೇಡ. ಬಾಣವಿಲ್ಲದೆ ಎಳೆದ ಹೆದೆಯನ್ನು ಮಾತ್ರ ಯಾವತ್ತೂ ಫಟ್ಟನೆ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಬಂದು ಅದು ಸೀಳಿಹೋಗಬಹುದು. ಮೊದಲ ದಿನವೇ ಮಕ್ಕಳಿಗೆ ನಾನು ಕಲಿಸುವ ನಿಯಮ ಇದು.

ಇನ್ನು ಬಿಲ್ಲಿನ ಉದ್ದ. ಮಗುವನ್ನು ಗೋಡೆಗೆ ಒರಗಿಸಿ ಎರಡೂ ಕೈ ಚಾಚಿಸಿ, ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗೆ ಟೇಪ್ ಹಿಡಿಯಿರಿ. ಬಂದ ಅಳತೆಯನ್ನು 2.5ರಿಂದ ಭಾಗಿಸಿದರೆ ಎಳೆತದ ಉದ್ದ ಸಿಗುತ್ತದೆ. 150 ಸೆಂಟಿಮೀಟರ್ ಅಂದರೆ 59 ಇಂಚು, ಭಾಗಿಸಿದರೆ ಇಪ್ಪತ್ಮೂರೂವರೆ. ಅಂಥ ಮಗುವಿಗೆ 62 ಅಥವಾ 64 ಇಂಚಿನ ಬಿಲ್ಲು ಸರಿಹೋಗುತ್ತದೆ. ನಾಲ್ಕಡಿ ಎತ್ತರದ ಪುಟ್ಟ ಮಗುವಿಗೆ 48ರಿಂದ 54 ಇಂಚು ಸಾಕು. ಬಿಲ್ಲು ತೀರ ಗಿಡ್ಡವಾದರೆ ಎಳೆದ ಹೆದೆಯ ಕೋನ ಚೂಪಾಗಿ ಬೆರಳುಗಳನ್ನು ಚಿವುಟುತ್ತದೆ. ಆದ್ದರಿಂದ ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಉದ್ದನೆಯದನ್ನೇ ತೆಗೆದುಕೊಳ್ಳಿ. ನಿಮ್ಮ ಯೂನಿಫಾರ್ಮ್ ಲೆಕ್ಕ ನಡೆಯುವುದು ಇಲ್ಲಿ ಮಾತ್ರ.

ಬಲಗೈ ಬಿಲ್ಲೋ ಎಡಗೈ ಬಿಲ್ಲೋ ಎಂಬುದನ್ನು ಕೈ ಅಲ್ಲ, ಕಣ್ಣು ನಿರ್ಧರಿಸಬೇಕು. ಮಗು ಎರಡೂ ಅಂಗೈಗಳನ್ನು ಮುಂದೆ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿಕೊಳ್ಳಲಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಗಡಿಯಾರವನ್ನೋ ಕಂಬವನ್ನೋ ನೋಡುತ್ತ, ಕೈಗಳನ್ನು ಮೆಲ್ಲಗೆ ಮುಖದ ಕಡೆಗೆ ತರಲಿ. ಕಿಂಡಿ ಯಾವ ಕಣ್ಣಿನ ಮುಂದೆ ಬಂದು ನಿಲ್ಲುತ್ತದೋ ಅದೇ ಗುರಿಯ ಕಣ್ಣು. ಬಲಗಣ್ಣಾದರೆ ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಹೆದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಣ್ಣು ಬಂದರೆ ಮನೆಯವರು ಗಾಬರಿಯಾಗುತ್ತಾರೆ. ಚಿಕ್ಕ ವಯಸ್ಸಿನಲ್ಲಾದರೆ ಕಣ್ಣಿನ ದಾರಿಯಲ್ಲೇ ಹೋಗಿ ಎನ್ನುವುದು ನನ್ನ ಸಲಹೆ. ಕೈ ಬೇಗ ಕಲಿಯುತ್ತದೆ.

ಯಾವ ಜಾತಿಯ ಬಿಲ್ಲು? ನಮ್ಮ ದೇಶದ ಸ್ಪರ್ಧೆಗಳಲ್ಲಿ ಮೂರನ್ನು ಕಾಣುತ್ತೀರಿ. ಬಿದಿರಿನ ಬಿಲ್ಲಿನದು ಇಂಡಿಯನ್ ರೌಂಡ್. ತುದಿಗಳು ಮುಂದಕ್ಕೆ ಬಾಗಿರುವುದು ರಿಕರ್ವ್. ಒಲಿಂಪಿಕ್ಸಿನಲ್ಲಿ 70 ಮೀಟರ್ ದೂರಕ್ಕೆ ಹೊಡೆಯುವುದು ಇದರಲ್ಲೇ. ಗಾಲಿಗಳಿರುವುದು ಕಾಂಪೌಂಡ್. ಬಿದಿರನ್ನು ಕೀಳಾಗಿ ಕಾಣಬೇಡಿ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ದೀಪಿಕಾ ಕುಮಾರಿ, ರಾಂಚಿಯ ಹತ್ತಿರದ ಹಳ್ಳಿಯಲ್ಲಿ ಬಿದಿರಿನ ಬಿಲ್ಲು ಹಿಡಿದೇ ಶುರು ಮಾಡಿದವರು. ಕಾಂಪೌಂಡ್‌ನಲ್ಲಿ ಪೂರ್ತಿ ಎಳೆದ ಮೇಲೆ ಭಾರದ ಬಹುಪಾಲನ್ನು ಗಾಲಿಗಳೇ ಹೊರುತ್ತವೆ, ಅದು ಮಕ್ಕಳಿಗೆ ಸುಲಭವೆನಿಸುತ್ತದೆ. ಆದರೂ ಮೊದಲ ವರ್ಷ ಬೆನ್ನಿನ ಬಲದಿಂದ ಎಳೆಯುವುದನ್ನು ಮೈ ಕಲಿಯಲಿ ಎಂದು ನಾನು ಆರಿಸುವುದು ರಿಕರ್ವ್, ಅದರಲ್ಲೂ ಬಿಚ್ಚಿ ಜೋಡಿಸುವ ಟೇಕ್‌ಡೌನ್ ರಿಕರ್ವ್. ಅದರ ನಡುವಿನ ಹಿಡಿಗೆ ರೈಸರ್ ಎಂದೂ, ಮೇಲಿನ ಕೆಳಗಿನ ಎರಡು ರೆಕ್ಕೆಗಳಿಗೆ ಲಿಂಬ್ ಎಂದೂ ಹೆಸರು. ಮಗು ಬಲಿತಂತೆ ರೈಸರ್ ಇಟ್ಟುಕೊಂಡು ಲಿಂಬ್ ಮಾತ್ರ ಬದಲಿಸಬಹುದು. ‘ಎರಡು ಮೂರು ವರ್ಷ ಬರಲಿ’ ಎನ್ನುವವರಿಗೆ ನಿಜವಾದ ಉಳಿತಾಯ ಇದರಲ್ಲಿದೆ. ಗುರಿ ಹಿಡಿಯಲು ನೆರವಾಗುವ ಸೈಟು, ಬಿಲ್ಲು ಅಲುಗದಂತೆ ನೋಡಿಕೊಳ್ಳುವ ಸ್ಟೆಬಿಲೈಸರ್ ಈಗ ಬೇಡ.

ಬಿಲ್ಲಿಗೆ ಅಷ್ಟು ಯೋಚಿಸಿದವರು ಬಾಣವನ್ನು ಕೈಗೆ ಸಿಕ್ಕಿದ್ದು ಕೊಂಡು ತರುತ್ತಾರೆ. ಬಾಣ ಎಳೆತದ ಉದ್ದಕ್ಕಿಂತ ಎರಡು ಮೂರು ಇಂಚು ಹೆಚ್ಚಿರಲೇಬೇಕು. ಗಿಡ್ಡ ಬಾಣದ ಮೊನೆ ಪೂರ್ತಿ ಎಳೆದಾಗ ಒಳಕ್ಕೆ ಜಾರಿ, ಬಿಟ್ಟಾಗ ಬಿಲ್ಲು ಹಿಡಿದ ಕೈಗೇ ಚುಚ್ಚಬಹುದು. ಬಾಣದ ಬಿಗುವೂ ಮುಖ್ಯ. ಬಾಣ ನೇರವಾಗಿ ಹೋಗುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹೆದೆ ಬಿಟ್ಟ ಗಳಿಗೆಯಲ್ಲಿ ಅದು ಮೀನಿನ ಹಾಗೆ ಬಳುಕುತ್ತ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. ಹಗುರ ಬಿಲ್ಲಿಗೆ ದೊಡ್ಡವರ ಗಟ್ಟಿ ಬಾಣ ಹಾಕಿದರೆ ಅದು ಬಳುಕದೆ, ಬಲಗೈಯವರದು ಎಡಕ್ಕೆ ಸರಿಯುತ್ತದೆ. ಮಗು ತಪ್ಪು ತನ್ನದೆಂದು ಅಳುತ್ತದೆ. ಹಾಗೆ ಅತ್ತ ಮಕ್ಕಳನ್ನು ಕಂಡಿರುವುದರಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಬಿಲ್ಲಿನ ಪೌಂಡೇಜ್, ಎಳೆತದ ಉದ್ದ ಎರಡನ್ನೂ ಅಂಗಡಿಯವರಿಗೆ ಬರೆದುಕೊಟ್ಟೇ ಬಾಣ ಕೇಳಿ.

ಬೆರಳಿಗೆ ಫಿಂಗರ್ ಟ್ಯಾಬ್, ಮುಂಗೈಗೆ ಆರ್ಮ್ ಗಾರ್ಡ್, ಎದೆಗೆ ಚೆಸ್ಟ್ ಗಾರ್ಡ್ ಮೊದಲ ದಿನದಿಂದಲೇ ಇರಬೇಕು. ಮುಂಗೈಗೆ ಒಮ್ಮೆ ಹೆದೆ ಬಡಿದರೆ ಆ ಉರಿಗೆ ಹೆದರಿದ ಮಗು ಮುಂದಿನ ಸಲ ಬಿಡುವ ಮೊದಲೇ ಕೈ ಎಳೆದುಕೊಳ್ಳುತ್ತದೆ. ಬಿಲ್ಲಿಗೆ ಹೆದೆ ಏರಿಸಲು ನೆರವಾಗುವ ಸ್ಟ್ರಿಂಗರ್ ಎಂಬ ಹಗ್ಗವನ್ನೂ ಕೊಳ್ಳಿ. ಸೀತಾ ಸ್ವಯಂವರದ ಕಥೆಯಲ್ಲಿ ಪರೀಕ್ಷೆ ಇದ್ದದ್ದು ಬಾಣ ಬಿಡುವುದರಲ್ಲಲ್ಲ, ಶಿವಧನುಸ್ಸಿಗೆ ಹೆದೆ ಏರಿಸುವುದರಲ್ಲಿ. ಮಗುವಿಗೆ ಆ ಪರೀಕ್ಷೆ ಬೇಡ. ಬಿಲ್ಲನ್ನು ಕಾಲಿನ ನಡುವೆ ಸಿಕ್ಕಿಸಿ ಬಗ್ಗಿಸಿದರೆ ಲಿಂಬ್ ತಿರುಚಿಕೊಳ್ಳುತ್ತದೆ, ಜಾರಿದರೆ ಮುಖಕ್ಕೆ ಬಡಿಯುತ್ತದೆ. ಸ್ಟ್ರಿಂಗರ್ ಇದ್ದರೆ ಮಗುವೇ ಹೆದೆ ಏರಿಸುವುದನ್ನು ಕಲಿಯುತ್ತದೆ.

ಸಾಧ್ಯವಾದರೆ ಮೊದಲ ಎರಡು ಮೂರು ತಿಂಗಳು ಏನನ್ನೂ ಕೊಳ್ಳಬೇಡಿ. ಕಲಿಸುವ ಕಡೆ ಮಕ್ಕಳಿಗೆಂದು ಬಿಲ್ಲುಗಳಿದ್ದರೆ ಅವುಗಳಲ್ಲೇ ಕಲಿಯಲಿ. ಅಷ್ಟರಲ್ಲಿ ಆಸಕ್ತಿಯೂ ತಿಳಿಯುತ್ತದೆ, ಎಳೆತದ ಉದ್ದವೂ ನೆಲೆಗೆ ಬರುತ್ತದೆ. ಆಮೇಲೆ ಕೊಳ್ಳುವ ದಿನ ಬಂದಾಗ, ಹುಟ್ಟುಹಬ್ಬಕ್ಕೆ ಅಚ್ಚರಿಯ ಉಡುಗೊರೆಯಾಗಿ ಬಿಲ್ಲನ್ನು ಕಟ್ಟಿಸಿ ತರಬೇಡಿ. ಅಂಗಡಿಗೆ ಮಗುವನ್ನೂ ಕರೆದುಕೊಂಡು ಹೋಗಿ.