ಒಮಾಹಾದ ನೀಲಿ ಬೊಟ್ಟು

ಪ್ರಶ್ನೆ: ಮಗ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿದ್ದಾನೆ. 2024ರ ಅಕ್ಟೋಬರಿನಲ್ಲಿ ಹೋಗಿದ್ದಾಗ ಅವನ ಬೀದಿಯ ಹಲವು ಮನೆಗಳ ಮುಂದೆ ಬಿಳಿ ಬೋರ್ಡು, ಅದರ ಮೇಲೆ ಒಂದೇ ಒಂದು ನೀಲಿ ಬೊಟ್ಟು. ಹೆಸರಿಲ್ಲ, ಅಕ್ಷರವಿಲ್ಲ. ಹೊರಗಿನವರ ಮನೆಗೆ ಗುರುತು ಹಾಕಿದ್ದಾರೇನೋ ಎಂದು ದಿಗಿಲಾಯಿತು. ಮಗ ನಕ್ಕು ಸುಮ್ಮನಾದ. ರಾಜ್ಯವೆಲ್ಲ ‘ಕೆಂಪು’ ಅಂತಲೂ ಹೇಳುತ್ತಾರೆ. ಅವನಿಗೆ ಏನೂ ತೊಂದರೆಯಿಲ್ಲವೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಮಗ ನಗಬಾರದಿತ್ತು. ಪರದೇಶದಲ್ಲಿ ಅಕ್ಷರವಿಲ್ಲದ ಗುರುತು ಮನೆಮನೆಯ ಮುಂದೆ ಕಂಡರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ಸಮಾಧಾನ ಮಾಡಿಕೊಳ್ಳಿ, ಅದು ಯಾರೋ ಬಂದು ಹಾಕಿಹೋದ ಗುರುತಲ್ಲ. ಮನೆಯವರೇ ಅಂಗಳದಲ್ಲಿ ನೆಟ್ಟುಕೊಂಡದ್ದು. ‘ನಮ್ಮ ಮತ ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್ ಅವರಿಗೆ’ ಎಂದು ಬಾಯಿಬಿಡದೆ ಹೇಳುವ ಬಗೆ.

ಬಣ್ಣದ ಗೊಂದಲವನ್ನೂ ಬಿಡಿಸೋಣ. ನಮ್ಮಲ್ಲಿ ಕೆಂಪು ಬಾವುಟ ಎಂದರೆ ಕಮ್ಯುನಿಸ್ಟರು. ಅಲ್ಲಿ ಕೆಂಪು ರಿಪಬ್ಲಿಕನ್ನರದು, ನೀಲಿ ಡೆಮಾಕ್ರಟರದು. ಇದೇನೂ ತಲೆತಲಾಂತರದ್ದಲ್ಲ, 2000ದ ಚುನಾವಣೆಯ ಟಿವಿ ನಕ್ಷೆಗಳಿಂದ ಗಟ್ಟಿಯಾದ ರೂಢಿ.

ಬೊಟ್ಟೇ ಏಕೆ ಎಂದರೆ, ಅಮೆರಿಕದ ಅಧ್ಯಕ್ಷರನ್ನು ಕೊನೆಗೆ ಆರಿಸುವುದು 538 ಎಲೆಕ್ಟೋರಲ್ ಮತಗಳು (ರಾಜ್ಯಗಳಿಗೆ ಹಂಚಿಕೊಟ್ಟ ಪ್ರತಿನಿಧಿ ಮತಗಳು). ಗೆಲ್ಲಲು 270 ಬೇಕು. ಹೆಚ್ಚಿನ ರಾಜ್ಯಗಳಲ್ಲಿ ಮುಂದಿದ್ದವರಿಗೆ ಎಲ್ಲವೂ ಸೇರಿಬಿಡುತ್ತದೆ. ಮೇಯ್ನ್ ಮತ್ತು ನೆಬ್ರಾಸ್ಕಾ ಮಾತ್ರ ಹಂಚುತ್ತವೆ. ನೆಬ್ರಾಸ್ಕಾದ ಐದರಲ್ಲಿ ಎರಡು ಇಡೀ ರಾಜ್ಯದಲ್ಲಿ ಗೆದ್ದವರಿಗೆ, ಉಳಿದ ಮೂರು ಕ್ಷೇತ್ರಕ್ಕೊಂದರಂತೆ. ಇಡೀ ರಾಜ್ಯ ಡೆಮಾಕ್ರಟರಿಗೆ ಒಲಿದದ್ದು 1964ರಲ್ಲೇ ಕೊನೆ. ಆದರೆ ಒಮಾಹಾ ಇರುವ ಎರಡನೇ ಕ್ಷೇತ್ರ ತನ್ನ ಒಂದು ಮತವನ್ನು 2008ರಲ್ಲಿ ಒಬಾಮಾಗೆ, 2020ರಲ್ಲಿ ಬೈಡನ್‌ಗೆ, 2024ರಲ್ಲಿ ಹ್ಯಾರಿಸ್‌ಗೆ ಕೊಟ್ಟಿತು. ನಡುವಿನ 2012, 2016ರಲ್ಲಿ ರಿಪಬ್ಲಿಕನ್ನರ ಕಡೆಗಿತ್ತು ಎಂಬುದನ್ನೂ ಮರೆಯಬೇಡಿ. ಕೆಂಪು ನಕ್ಷೆಯ ಪೂರ್ವದಂಚಿನಲ್ಲಿ, ಮಿಸೌರಿ ನದಿಯ ದಡದಲ್ಲಿ, ಒಂದು ನೀಲಿ ಚುಕ್ಕೆ. ಬೋರ್ಡಿಗೆ ಬಂದದ್ದು ಅದೇ.

ಒಂದು ಮತಕ್ಕೆ ಇಷ್ಟು ಸಡಗರವೇ ಎಂದೀರಿ. ನೀವು ಹೋಗಿದ್ದ ವರ್ಷ ಲೆಕ್ಕ ಹಾಗಿತ್ತು. ಹ್ಯಾರಿಸ್ ತಾವು ಗೆದ್ದ ರಾಜ್ಯಗಳ ಜೊತೆಗೆ ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳನ್ನೂ ಗೆದ್ದಿದ್ದರೆ ಒಮಾಹಾದ ಮತವೂ ಸೇರಿ ಸರಿಯಾಗಿ 270. ಅದಿಲ್ಲದಿದ್ದರೆ 269ಕ್ಕೆ 269. ಅದಕ್ಕೇ ಆ ಸೆಪ್ಟೆಂಬರಿನಲ್ಲಿ ಈ ಹಂಚಿಕೆಯನ್ನೇ ರದ್ದು ಮಾಡುವ ಯತ್ನ ನಡೆಯಿತು. ಕೆಲವೇ ತಿಂಗಳ ಹಿಂದೆ ರಿಪಬ್ಲಿಕನ್ ಪಕ್ಷ ಸೇರಿದ್ದ ಒಮಾಹಾದ ಶಾಸಕ ಮೈಕ್ ಮೆಕ್‌ಡಾನೆಲ್ ಒಪ್ಪಲಿಲ್ಲ, ಯತ್ನ ಅಲ್ಲಿಗೇ ನಿಂತಿತು. ಕೊನೆಗೆ ಆ ಮೂರು ರಾಜ್ಯಗಳೂ ಟ್ರಂಪ್ ಪಾಲಾದವು, ಬೊಟ್ಟಿನ ಲೆಕ್ಕ ಬೇಕಾಗಲೇ ಇಲ್ಲ.

ಊರೂ ಒಂದೇ ಬಣ್ಣದ್ದಲ್ಲ. ಮಾಲ್ಕಮ್ ಎಕ್ಸ್ ಹುಟ್ಟಿದ ಉತ್ತರ ಒಮಾಹಾ ಕಪ್ಪು ಜನರ ಹಳೆಯ ನೆಲೆ. ದಕ್ಷಿಣದಲ್ಲಿ ಮಾಂಸ ಸಂಸ್ಕರಣೆಯ ಕಾರ್ಖಾನೆಗಳಿಗೆಂದು ಬಂದ ವಲಸಿಗರ ಮನೆಗಳು. ಇವೆರಡೂ ಡೆಮಾಕ್ರಟರ ಕಡೆ ವಾಲುತ್ತವೆ. ಪಶ್ಚಿಮದ ಹೊಸ ಬಡಾವಣೆಗಳಲ್ಲಿ ರಿಪಬ್ಲಿಕನ್ನರ ಬಲ ಹೆಚ್ಚು. ಮಗನ ಕ್ಷೇಮವನ್ನು ನಕ್ಷೆಯ ಬಣ್ಣದಿಂದ ಅಳೆಯಬೇಡಿ. ಮುಂದಿನ ಸಲ ಫೋನ್ ಮಾಡಿದಾಗ ಅಕ್ಕಪಕ್ಕದವರ ಪರಿಚಯವಿದೆಯೇ ಎಂದು ಕೇಳಿ.

ಪ್ರಶ್ನೆ: ಈಚೆಗೆ ಅಮೆರಿಕದ ಪೌರತ್ವ ಸಿಕ್ಕಿತು. ಮತದಾರರ ನೋಂದಣಿ ಅರ್ಜಿಯಲ್ಲಿ ಪಕ್ಷ ಯಾವುದೆಂದು ಕೇಳುತ್ತಾರೆ. ನನ್ನ ಮ್ಯಾನೇಜರ್ ಕಟ್ಟಾ ರಿಪಬ್ಲಿಕನ್, ಅಕ್ಕಪಕ್ಕದ ಮನೆಗಳಲ್ಲಿ ನೀಲಿ ಬೊಟ್ಟು. ಯಾವುದನ್ನು ಬರೆದರೂ ಯಾರಾದರೂ ಮುನಿಸಿಕೊಂಡಾರು ಎಂಬ ಅಳುಕು.
– ಹೆಸರು ಬೇಡ, ಒಮಾಹಾ

ಉತ್ತರ: ನಿಮ್ಮ ಅಳುಕು ಅರ್ಥವಾಗುತ್ತದೆ. ಊರಿನಲ್ಲಿ ಯಾವ ಅರ್ಜಿಯಲ್ಲೂ ಪಕ್ಷ ಬರೆದು ನಮಗೆ ಅಭ್ಯಾಸವಿಲ್ಲ. ನೀವು ಯಾರಿಗೆ ಮತ ಹಾಕಿದಿರಿ ಎಂಬುದು ಅಲ್ಲಿಯೂ ಗುಟ್ಟೇ. ಅರ್ಜಿಯಲ್ಲಿ ಬರೆದ ಪಕ್ಷ ಮಾತ್ರ ಮತದಾರರ ಪಟ್ಟಿಯಲ್ಲಿ ದಾಖಲಾಗುತ್ತದೆ.

ಬೇಡವೆನಿಸಿದರೆ ‘ನಾನ್‌ಪಾರ್ಟಿಸನ್’ (ಯಾವ ಪಕ್ಷಕ್ಕೂ ಸೇರದವರು) ಎಂದು ಗುರುತು ಮಾಡಿ. ಮೇ ತಿಂಗಳ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತು) ನಿಮ್ಮ ಆಯ್ಕೆ ಕಡಿಮೆಯಾಗುತ್ತದೆ. ನವೆಂಬರಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಬರೆದ ಪಕ್ಷಕ್ಕೇ ಮತ ಹಾಕಬೇಕೆಂದೂ ಇಲ್ಲ. ನಿಮ್ಮ ಕ್ಷೇತ್ರ 2020ರಲ್ಲೂ 2024ರಲ್ಲೂ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟರನ್ನು ಮೆಚ್ಚಿ, ಅದೇ ದಿನ ಸಂಸತ್ತಿಗೆ ರಿಪಬ್ಲಿಕನ್ ಡಾನ್ ಬೇಕನ್ ಅವರನ್ನು ಕಳಿಸಿತು. ಮೇಯರ್ ಆಗಿ ರಿಪಬ್ಲಿಕನ್ ಜೀನ್ ಸ್ಟೋಥರ್ಟ್ 2013ರಿಂದ ಮೂರು ಸಲ ಗೆದ್ದರು. 2025ರ ಮೇನಲ್ಲಿ ಅವರನ್ನು ಸೋಲಿಸಿದ ಡೆಮಾಕ್ರಟ್ ಜಾನ್ ಯೂಯಿಂಗ್, ಆ ಊರು ಚುನಾಯಿಸಿದ ಮೊದಲ ಕಪ್ಪು ವರ್ಣೀಯ ಮೇಯರ್. ಮೇಯರ್ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರೇ ಇರುವುದಿಲ್ಲ. 49 ಸದಸ್ಯರ ರಾಜ್ಯ ಶಾಸನಸಭೆಯದರಲ್ಲೂ ಅಷ್ಟೆ. ಮತಗಟ್ಟೆಗೆ ಹೋಗುವಾಗ ಫೋಟೋ ಇರುವ ಗುರುತಿನ ಚೀಟಿ ಮರೆಯಬೇಡಿ.

ಪ್ರಶ್ನೆ: ನನ್ನದು ಗ್ರೀನ್ ಕಾರ್ಡ್. ಲೈಸೆನ್ಸ್ ಕಚೇರಿಯಲ್ಲಿ ಮತದಾರರಾಗಿ ನೋಂದಾಯಿಸುತ್ತೀರಾ ಎಂದು ಕೇಳಿದಾಗ ಗಡಿಬಿಡಿಯಲ್ಲಿ ಹೂಂ ಎಂದು ಸಹಿ ಹಾಕಿಬಿಟ್ಟೆನೋ ಏನೋ. ನಿದ್ದೆ ಹತ್ತುತ್ತಿಲ್ಲ.
– ಒಬ್ಬ ಗೃಹಿಣಿ, ಒಮಾಹಾ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ತಿಳಿಯದೆ ಆದ ತಪ್ಪನ್ನು ಮುಚ್ಚಿಡದಿದ್ದರೆ ಸರಿಪಡಿಸಲು ದಾರಿ ಇರುತ್ತದೆ. ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಪೌರರಲ್ಲದವರು ಮತದಾರರಾಗುವಂತಿಲ್ಲ, ಪೌರರೆಂದು ಸುಳ್ಳು ಹೇಳಿದಂತಾದರೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಿ. ನೋಂದಣಿಯಾಗಿದ್ದರೆ ಅವರ ಮಾತಿನಂತೆ ರದ್ದು ಮಾಡಿಸಿ. ಮತಪತ್ರ ಅಂಚೆಯಲ್ಲಿ ಮನೆಗೇ ಬಂದರೂ ಮುಟ್ಟಬೇಡಿ.