ಪೆಪ್ಟೈಡ್ ಚುಚ್ಚುಮದ್ದು: ನಡುವಯಸ್ಸಿನವರು ಮೊದಲು ಕೇಳಬೇಕಾದ್ದು



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ವಿಚಾರಣೆಗಳಲ್ಲಿ ಈಚೆಗೆ ಹೊಸದೊಂದು ಸೇರಿಕೊಂಡಿದೆ: “ಪೆಪ್ಟೈಡ್ ಥೆರಪಿ ಮಾಡಿಸಿಕೊಳ್ಳಬಹುದೇ?” ಕೇಳುವವರು ಹೆಚ್ಚಾಗಿ ನಲವತ್ತೈದು ದಾಟಿದವರು. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ರಾತ್ರಿ ಮನೆ ಸೇರುವವರಿಗೆ ದಣಿವು, ಮಂಡಿನೋವು, ಹೊಟ್ಟೆಯ ಬೊಜ್ಜು ಹೊಸದಲ್ಲ. ಎಲ್ಲಕ್ಕೂ ಒಂದೇ ಸೂಜಿ ಸಾಕೆಂದರೆ ಯಾರಿಗಾದರೂ ಆಸೆಯಾಗುತ್ತದೆ.

ಪೆಪ್ಟೈಡ್ ಎಂಬುದು ಒಂದು ಔಷಧದ ಹೆಸರಲ್ಲ. ಅಮೈನೋ ಆಮ್ಲಗಳ ಚಿಕ್ಕ ಸರಪಳಿಗೆಲ್ಲ ಆ ಹೆಸರು. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿ ಮಧುಮೇಹ ರೋಗಿಗೆ ಕೊಟ್ಟ ಇನ್ಸುಲಿನ್ ಕೂಡ ಇದೇ ಜಾತಿಯದು. ಆದ್ದರಿಂದ ಕೇಳಬೇಕಾದ್ದು ಯಾವ ಪೆಪ್ಟೈಡ್, ನನ್ನ ಯಾವ ಕಾಯಿಲೆಗೆ ಎಂದು.

ಮುಟ್ಟು ನಿಂತ ಮೇಲೆ ಮೂಳೆ ತೀರಾ ಸವೆದು, ಮುರಿಯುವ ಅಪಾಯ ಹೆಚ್ಚಿರುವವರಿಗೆ ಟೆರಿಪ್ಯಾರಟೈಡ್ ಇದೆ. ಬೊಜ್ಜಿಗೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇವೆ. ಟಿರ್ಜೆಪಟೈಡ್ ‘ಮೌಂಜಾರೊ’ ಹೆಸರಿನಲ್ಲಿ ಮಾರ್ಚ್ 2025ರಲ್ಲಿ ನಮ್ಮ ದೇಶಕ್ಕೆ ಬಂತು. ಬಿ.ಎಂ.ಐ. 30 ಅಥವಾ ಹೆಚ್ಚಿರುವವರಿಗೆ, ಇಲ್ಲವೇ 27ರ ಮೇಲಿದ್ದು ಬಿ.ಪಿ., ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರಿಗೆ ಅದು. ಮಗಳ ಮದುವೆಗೆ ಮುಂಚೆ ನಾಲ್ಕು ಕಿಲೋ ಇಳಿಸಲು ಅಲ್ಲ.

ವಾಕರಿಕೆ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪವಾದರೂ ಗಂಭೀರ. ಮನೆತನದಲ್ಲಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ತೆಗೆದುಕೊಳ್ಳಲೇಬಾರದು. ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ. ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗವೊಂದರಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು. ಔಷಧ ನಿಲ್ಲಿಸಿದ ವರ್ಷದಲ್ಲೇ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಐವತ್ತರ ಮೇಲೆ ಅದನ್ನು ಮತ್ತೆ ಗಳಿಸುವುದು ಕಷ್ಟ. ಹಾಗಾಗಿ ಖರ್ಚಿನ ಲೆಕ್ಕವನ್ನು ಮೂರು ತಿಂಗಳಿಗೆ ಹಾಕಬೇಡಿ, ವರ್ಷಗಳಿಗೆ ಹಾಕಿ.

ಜಿಮ್‌ಗಳಲ್ಲಿ, ಫೋನಿನ ಜಾಹೀರಾತುಗಳಲ್ಲಿ ‘ಯೌವನ ಮರಳಿಸುವ’ ಬಿಪಿಸಿ-157, ಸಿಜೆಸಿ-1295 ಮೊದಲಾದವುಗಳ ಮಾತೇ ಬೇರೆ. ಬಿಪಿಸಿ-157ರ ಬಗ್ಗೆ ಇರುವ ಪುರಾವೆ ಬಹುತೇಕ ಇಲಿಗಳದ್ದು. ಕ್ರೀಡಾಪಟುಗಳಿಗೆ 2022ರಿಂದ ಅದು ನಿಷಿದ್ಧ. ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದದ್ದನ್ನು ಮೈಗೆ ಚುಚ್ಚಿಕೊಳ್ಳಬೇಡಿ, ಎಷ್ಟೇ ಅಗ್ಗವಾಗಿರಲಿ. ಒಳಗೇನಿದೆ, ಮೇ ತಿಂಗಳ ಬಿಸಿಲಲ್ಲಿ ಕೊರಿಯರ್‌ನಲ್ಲಿ ಅದು ಎಷ್ಟು ಬೆಂದಿದೆ, ನೋಡುವವರಿಲ್ಲ.

ದಣಿವೇ ದೂರಾದರೆ ಮೊದಲು ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ12, ಡಿ ಜೀವಸತ್ವ ನೋಡಿಸಿ. ಬಿ12 ಕೊರತೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಸಾಮಾನ್ಯ, ಚಿಕಿತ್ಸೆಯೂ ಅಗ್ಗ. ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ಕಳವಾದ ಶಿವಾಜಿ ಮಹಾರಾಜ ಆಸ್ಪತ್ರೆ, ಈ ಪಾಲಿಕೆ ಆಸ್ಪತ್ರೆಗಳ ಓ.ಪಿ.ಡಿ.ಯಿಂದಲೇ ಶುರುಮಾಡಬಹುದು.

ಈ ಔಷಧಗಳಿಗೆ ನೆರವು ಕೋರುವವರು ತಜ್ಞ ವೈದ್ಯರ ಚೀಟಿ, ಪರೀಕ್ಷಾ ವರದಿಗಳನ್ನು ಅರ್ಜಿಗೆ ಲಗತ್ತಿಸಬೇಕು. ‘ವೆಲ್‌ನೆಸ್ ಪ್ಯಾಕೇಜ್’ ಬಿಲ್ಲುಗಳನ್ನು ಪರಿಗಣಿಸಲಾಗುವುದಿಲ್ಲ. ಅದೇ ನಿಧಿಯಿಂದ ಡಯಾಲಿಸಿಸ್‌ನವರಿಗೂ ಕೊಡಬೇಕಾಗಿದೆ.