ಇಪ್ಪತ್ತು ಖೋಲಿಗಳಿಗೆ ಎಷ್ಟು ಶೌಚಗೃಹ?

ಉದ್ಯೋಗಾರ್ಥಿಯಾಗಿ ಮುಂಬಯಿಗೆ ಬಂದಿಳಿದ ಕನ್ನಡಿಗನು ಬಾಡಿಗೆಯ ಖೋಲಿಯನ್ನು ಅರಸುವಾಗ ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾನೆ: ಬಾಡಿಗೆ ಎಷ್ಟು, ಡಿಪಾಸಿಟ್ಟು ಎಷ್ಟು, ಸ್ಟೇಶನ್ನಿಗೆ ಎಷ್ಟು ದೂರ. ಶೌಚಗೃಹವು ಎಷ್ಟು ಸಂಸಾರಗಳ ಪಾಲಿನದು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವುದಕ್ಕೆ ಅವನಿಗೆ ಸಂಕೋಚ. ಈ ಸಂಕೋಚದ ಬೆಲೆಯನ್ನು ಮುಂದೆ ತೆರುವವರು ಬಹುಮಟ್ಟಿಗೆ ಅವನ ಮನೆಯ ಹೆಂಗಸರು, ವೃದ್ಧರು ಹಾಗೂ ಮಕ್ಕಳು.

ಚಾಳಿನ ರಚನೆಯಲ್ಲಿಯೇ ಈ ಕೊರತೆಯ ಮೂಲವಿದೆ. 1896ರ ಪ್ಲೇಗು ಮಾರಿಯ ತರುವಾಯ, 1898ರಲ್ಲಿ, ನಗರದ ನೈರ್ಮಲ್ಯ ಹಾಗೂ ವಸತಿಯ ಸುಧಾರಣೆಗಾಗಿ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. 1920ರ ದಶಕದಲ್ಲಿ ಸರಕಾರದ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ವರಳಿ, ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಬಿ.ಡಿ.ಡಿ. ಚಾಳುಗಳೆಂದು ಹೆಸರಾದವು ಇವೇ. ಒಂದು ಕಟ್ಟಡಕ್ಕೆ 80 ಖೋಲಿ, ಅಂತಸ್ತಿಗೆ 20. ಒಂದು ಖೋಲಿಯ ವಿಸ್ತಾರ ಸುಮಾರು 160 ಚದರ ಅಡಿ. ಶೌಚಗೃಹಗಳು ಮಾತ್ರ ಎಲ್ಲರಿಗೂ ಸಾಮಾನ್ಯ. ಗಿರಣಿಯ ಕೆಲಸಕ್ಕೆಂದು ಒಂಟಿಯಾಗಿ ಬಂದ ಗಂಡಸರು ಕಾಲಕ್ರಮದಲ್ಲಿ ಹೆಂಡತಿ, ಮಕ್ಕಳು, ತಾಯಿತಂದೆಯರನ್ನು ಕರೆಸಿಕೊಂಡರು. ಖೋಲಿಯೊಳಗಿನ ಜನಸಂಖ್ಯೆ ಬೆಳೆಯಿತು. ಗ್ಯಾಲರಿಯ ತುದಿಯ ಬಾಗಿಲುಗಳ ಸಂಖ್ಯೆ ಬೆಳೆಯಲಿಲ್ಲ. ಖಾಸಗಿ ಮಾಲಕರ ಚಾಳುಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಸಾಕಷ್ಟು ಎಂದರೆ ಎಷ್ಟು? ಇದನ್ನು ಮುಂಜಾನೆಯ ಲೆಕ್ಕದಿಂದಲೇ ತಿಳಿಯಬೇಕು. ಒಂದು ಅಂತಸ್ತಿನಲ್ಲಿ 20 ಖೋಲಿ, ಖೋಲಿಗೆ ಐವರು, ಒಟ್ಟು 100 ಜನ, ನಾಲ್ಕು ಶೌಚಗೃಹಗಳಿವೆ ಎಂದು ಇಟ್ಟುಕೊಳ್ಳೋಣ. ಅವರಲ್ಲಿ 80 ಜನರಾದರೂ ಐದೂವರೆಯಿಂದ ಎಂಟರೊಳಗೆ, ಅಂದರೆ 150 ನಿಮಿಷಗಳಲ್ಲಿ, ಶೌಚವನ್ನು ಮುಗಿಸಲೇಬೇಕು. ನೀರು ಸುರಿದು ಹೊರಬರುವವರೆಗೆ ತಲೆಗೆ ಆರು ನಿಮಿಷವೆಂದರೂ 480 ನಿಮಿಷಗಳು ಬೇಕು. ನಾಲ್ಕು ಶೌಚಗೃಹಗಳು ಒದಗಿಸುವ ಸಮಯ 600 ನಿಮಿಷ. ಕಾಗದದ ಮೇಲೆ 120 ನಿಮಿಷಗಳ ಉಳಿತಾಯವಿದೆ. ಆದರೆ ಒಂದು ಕಟ್ಟಿಕೊಂಡಿತೆಂದರೆ ಉಳಿಯುವುದು 450 ನಿಮಿಷ. 30 ನಿಮಿಷ ಖೋತಾ, ಎಂದರೆ ಐದು ಜನರಿಗೆ ಅವಕಾಶವೇ ಇಲ್ಲ. ಆ ಐವರು ಯಾರು? 8-10ರ ಲೋಕಲ್ ಹಿಡಿಯಬೇಕಾದ ಗುಮಾಸ್ತನಂತೂ ಅಲ್ಲ. ಸರದಿಯಲ್ಲಿ ಇತರರಿಗೆ ದಾರಿ ಬಿಟ್ಟುಕೊಟ್ಟು ಹಿಂದೆ ಸರಿಯುವ ಗೃಹಿಣಿ, ಮೊಣಕಾಲು ನೋವಿನ ಅಜ್ಜಿ, ನೂಕಿಸಿಕೊಳ್ಳುವ ಹುಡುಗಿ.

ಭಾರತೀಯ ಮಾನಕ ಸಂಸ್ಥೆಯ ಸಂಹಿತೆಯು ಪ್ರತ್ಯೇಕ ಸೌಕರ್ಯವಿಲ್ಲದ ವಸತಿಗಳಲ್ಲಿ ಪ್ರತಿ ಎರಡು ಬಿಡಾರಗಳಿಗೆ ಒಂದು ಶೌಚಗೃಹ, ಒಂದು ಸ್ನಾನಗೃಹ ಇರತಕ್ಕದ್ದೆಂದು ವಿಧಿಸಿದೆ. ಈ ಪ್ರಕಾರ 20 ಖೋಲಿಗಳಿಗೆ ಹತ್ತು ಬೇಕು. ಸ್ನಾನಕ್ಕೆ ಖೋಲಿಯೊಳಗಿನ ಮೋರಿಯಾದರೂ ಇದೆಯೆನ್ನಬಹುದು; ಶೌಚಕ್ಕೆ ಅಂತಹ ಪರ್ಯಾಯವಿಲ್ಲ.

ಸರದಿಯ ಭಯದಿಂದ ಅನೇಕ ಸ್ತ್ರೀಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದು ಯಾರ ಕಣ್ಣಿಗೂ ಬೀಳದ ಅಭ್ಯಾಸ. ನೀರು ಕಡಿಮೆಯಾಗಿ, ಮೂತ್ರವನ್ನು ಗಂಟೆಗಟ್ಟಲೆ ತಡೆಹಿಡಿದಾಗ ಮೂತ್ರಕೋಶದಲ್ಲಿ ರೋಗಾಣುಗಳ ವೃದ್ಧಿಗೆ ಅನುಕೂಲವಾಗುತ್ತದೆ. ಸ್ತ್ರೀಯರ ಮೂತ್ರನಾಳವು ಗಿಡ್ಡವಾದುದರಿಂದ ಸೋಂಕು ಅವರಿಗೆ ಬೇಗ ತಗಲುತ್ತದೆ. ಉರಿ, ಪದೇ ಪದೇ ಮೂತ್ರಶಂಕೆ, ಕೆಳಹೊಟ್ಟೆಯ ನೋವು ಇದರ ಲಕ್ಷಣಗಳು. ಚಳಿಜ್ವರವೂ ಬೆನ್ನುನೋವೂ ಕೂಡಿದರೆ ಸೋಂಕು ಮೂತ್ರಪಿಂಡದವರೆಗೆ ಏರಿರುವ ಸಂಭವವಿದೆ. ಗರ್ಭಿಣಿಯರಲ್ಲಿ ಇದನ್ನು ಅಲಕ್ಷಿಸಿದರೆ ಅಕಾಲ ಪ್ರಸವದ ಅಪಾಯವಿರುತ್ತದೆ. ಮೂತ್ರಪಿಂಡದ ಕಲ್ಲಿಗೂ ನೀರಿನ ಕೊರತೆ ಒಂದು ಕಾರಣ. ಮಲಬದ್ಧತೆ ಮತ್ತು ಮೂಲವ್ಯಾಧಿಗಳನ್ನು ಚಾಳಿನ ಜನ ಊಟದ ದೋಷವೆಂದು ಭಾವಿಸುತ್ತಾರೆ. ಬಾಗಿಲು ಬಡಿಯುವವರ ಅವಸರವೂ ಅದರಲ್ಲಿ ಪಾಲುಗಾರನೆಂಬುದು ಅವರಿಗೆ ಹೊಳೆಯುವುದಿಲ್ಲ.

ವೃದ್ಧರ ಕಷ್ಟ ರಾತ್ರಿಯದು. ಊರಿನಿಂದ ಮಗನ ಮನೆಗೆ ಬಂದ ತಾಯಿ ರಾತ್ರಿಯ ಊಟವನ್ನೇ ಬಿಟ್ಟರೆ ಅದು ವ್ರತವೆಂದು ಸೊಸೆ ತಿಳಿದುಕೊಳ್ಳಬಾರದು. ಕತ್ತಲ ಗ್ಯಾಲರಿ, ಒದ್ದೆ ನೆಲ, ಉಕ್ಕಡಗಾಲಿನಲ್ಲಿ ಕುಳಿತು ಏಳುವ ಶ್ರಮ, ಇವುಗಳ ಅಂಜಿಕೆಯೂ ಇರಬಹುದು. ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಆ ವಯಸ್ಸಿನಲ್ಲಿ ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಗ್ಯಾಲರಿಗೆ ಒಂದು ದೀಪ, ಗೋಡೆಗೆ ಒಂದು ಕಬ್ಬಿಣದ ಹಿಡಿಕೆ, ಖೋಲಿಯೊಳಗೆ ರಾತ್ರಿಗೆ ಒಂದು ಕಮೋಡ್ ಕುರ್ಚಿ, ಇವುಗಳ ಖರ್ಚು ಆಸ್ಪತ್ರೆಯ ಬಿಲ್ಲಿನ ಮುಂದೆ ಏನೂ ಅಲ್ಲ.

ಕೆಲವು ಚಾಳುಗಳಲ್ಲಿ ಐದು ಸಂಸಾರಗಳಿಗೆ ಒಂದರಂತೆ ಬೀಗ ಹಾಕಿ ಹಂಚಿಕೊಳ್ಳುವ ಪದ್ಧತಿಯಿದೆ. ಇದರಿಂದ ಶುಚಿತ್ವ ಹೆಚ್ಚುವುದು ದಿಟ. ಆದರೆ ಒಂದು ಬಾಗಿಲ ಮುಂದೆ ಸರದಿ ನಿಂತಿರುವಾಗ ಪಕ್ಕದ್ದು ಖಾಲಿಯಾಗಿ ಬೀಗದೊಳಗಿರುತ್ತದೆ. ಒಂದು ಕೆಟ್ಟರೆ ಐದು ಸಂಸಾರಗಳು ಬೀದಿಪಾಲು. ಸ್ತ್ರೀಯರಿಗೆಂದು ಎರಡನ್ನು ಮೀಸಲಿಟ್ಟು, ಉಳಿದೆರಡನ್ನು ಎಲ್ಲರಿಗೂ ತೆರೆದಿಟ್ಟು, ತಿಂಗಳ ವಂತಿಗೆಯಿಂದ ದಿನಕ್ಕೆರಡು ಬಾರಿ ಶುಚಿ ಮಾಡಿಸುವುದು ಮೇಲು. ವಂತಿಗೆಯ ಜಮಾಖರ್ಚನ್ನು ಗೋಡೆಗೆ ಅಂಟಿಸಿದರೆ ಅರ್ಧ ಜಗಳ ತಪ್ಪುತ್ತದೆ. ಸ್ತ್ರೀಯರ ಭಾಗದಲ್ಲಿ ಮುಚ್ಚಳವಿರುವ ಕಸದ ಡಬ್ಬಿ ಅವಶ್ಯ. ಬಟ್ಟೆ, ಪ್ಯಾಡು ಕೊಳವೆಗೆ ಸೇರುವುದೇ ಕಟ್ಟಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ.

ಶೌಚಕ್ಕೆ ನೀರು ತಲೆಗೆ ಐದು ಲೀಟರಾದರೂ ಮುಂಜಾನೆಯ 80 ಜನರಿಗೆ 400 ಲೀಟರು, ಅಂದರೆ 200 ಲೀಟರಿನ ಎರಡು ಡ್ರಮ್ಮು. ಇವುಗಳಿಗೆ ಮುಚ್ಚಳವಿರಬೇಕು ಮತ್ತು ವಾರಕ್ಕೊಮ್ಮೆ ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ಸ್ವಚ್ಛ ನೀರಿನಲ್ಲಿಯೇ. ನಳದಲ್ಲಿ ನೀರಿಲ್ಲದ ಹೊತ್ತಿನಲ್ಲಿ ಒಡೆದ ಕೊಳವೆಯು ಸುತ್ತಲಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುವ ಸಂಭವವಿರುವುದರಿಂದ, ನೀರು ಬಂದೊಡನೆಯ ಮೊದಲ ಕೊಡಗಳನ್ನು ಶೌಚದ ಡ್ರಮ್ಮಿಗೆ ಸುರಿದು, ಕುಡಿಯುವ ನೀರನ್ನು ಅನಂತರ ಹಿಡಿದು ಕುದಿಸಬೇಕು. ವಿಷಮಶೀತಜ್ವರ, ಕಾಮಾಲೆ, ಆಮಶಂಕೆ, ಮಕ್ಕಳ ಜಂತುಹುಳು ಇವುಗಳಿಗೆ ಒಂದು ಮುಖ್ಯ ದಾರಿ ಕೈ. ಬಾಗಿಲ ಹೊರಗೆ ಒಂದು ನಳ, ದಾರಕ್ಕೆ ಕಟ್ಟಿದ ಒಂದು ಸಾಬೂನು ಸಾಕು.

ಮಾಲಕನ ಹೊಣೆಯೇನು? 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 14ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಕಟ್ಟಡವನ್ನು ವಾಸಯೋಗ್ಯ ಸ್ಥಿತಿಯಲ್ಲಿ ಇಡುವುದು ಅವನ ಕರ್ತವ್ಯ. 15 ದಿನಗಳಿಗೆ ಕಡಿಮೆಯಲ್ಲದ ನೋಟೀಸು ಕೊಟ್ಟರೂ ಅವನು ಯುಕ್ತ ಕಾಲದೊಳಗೆ ದುರಸ್ತಿ ಮಾಡಿಸದಿದ್ದರೆ ಬಾಡಿಗೆದಾರರು ಒಟ್ಟಾಗಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ವರ್ಷದ ಬಾಡಿಗೆಯ ನಾಲ್ಕನೆಯ ಒಂದಂಶಕ್ಕೆ ಮೀರಕೂಡದು. ತಿಂಗಳಿಗೆ ನೂರು ರೂಪಾಯಿ ತೆರುವ ಹಳೆಯ ಬಾಡಿಗೆದಾರನಿಗೆ ಇದು ವರ್ಷಕ್ಕೆ 300 ರೂಪಾಯಿ. 20 ಖೋಲಿಗಳು ಕೂಡಿದರೆ 6,000. ಹೊಸ ಶೌಚಗೃಹ ಕಟ್ಟಲು ಸಾಲದು, ಒಡೆದ ಪಾತ್ರೆ, ಕೊಳವೆ ಬದಲಿಸಲು ಒದಗೀತು. 29ನೆಯ ಕಲಮಿನಂತೆ ನೀರು, ನೈರ್ಮಲ್ಯದ ಸೇವೆಯನ್ನು ನ್ಯಾಯಯುತ ಕಾರಣವಿಲ್ಲದೆ ಕಡಿದುಹಾಕುವ ಅಧಿಕಾರವೂ ಅವನಿಗಿಲ್ಲ. ಲೀವ್ ಎಂಡ್ ಲೈಸೆನ್ಸ್ ಮೇಲೆ ಬಂದವನ ಸ್ಥಿತಿ ಬೇರೆ; ಶೌಚಗೃಹ ಎಷ್ಟು ಜನರಿಗೆ, ದುರಸ್ತಿ ಯಾರದು ಎಂಬುದನ್ನು ಅವನು ಸಹಿಗೆ ಮುಂಚೆಯೇ ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ಖೋಲಿಯನ್ನು ನೋಡಲು ಸಾಯಂಕಾಲ ಹೋಗದೆ ಬೆಳಿಗ್ಗೆ ಆರೂವರೆಗೆ ಹೋಗಿ, ಗ್ಯಾಲರಿಯ ತುದಿಯಲ್ಲಿ ಎಷ್ಟು ಬಾಲ್ದಿಗಳು ಸಾಲಾಗಿ ನಿಂತಿವೆಯೆಂದು ಎಣಿಸಿ ಬರುವುದು ಲೇಸು.